ಪಕ್ಕದ ಸೀಟಿನ ಅಭಿಪ್ರಾಯ

ಮಾರ್ಚ್ 7, 1993

ಅಕ್ಕಾ,

ನಿನ್ನೆ ಮ್ಯಾಟಿನಿಗೆ ಹೋಗಿದ್ದೆ. ನೀನಂತೂ ಥಿಯೇಟರಿನ ಮೆಟ್ಟಿಲು ತುಳಿಯುವವಳಲ್ಲ, ಹಾಗಾಗಿ ಎಂದಿನಂತೆ ನಾನೇ ನೋಡಿ ನಿನಗೆ ವರದಿ ಒಪ್ಪಿಸುತ್ತಿದ್ದೇನೆ.

ಪೊಲೀಸ್ ಕಥೆ. ಹೀರೋ ಹದಿನಾಲ್ಕು ಅಂತಸ್ತಿನ ಕಟ್ಟಡದಲ್ಲಿ ಲಿಫ್ಟಿನ ಉಕ್ಕಿನ ಹಗ್ಗ ಹಿಡಿದು ಬರಿಗೈಯಲ್ಲಿ ಮೇಲಕ್ಕೆ ಹತ್ತುತ್ತಾನೆ. ಜನ ಸಿಳ್ಳೆ ಹೊಡೆದರು, ನನಗೆ ಮೈಯೆಲ್ಲ ಉರಿಯಿತು. ಹದಿನೈದು ವರ್ಷದಿಂದ ಲಿಫ್ಟ್ ರಿಪೇರಿ ಮಾಡುತ್ತಿರುವ ನನಗೆ ಆ ಹಗ್ಗದ ಜಿಡ್ಡು ಗೊತ್ತಿಲ್ಲವೇ? ಹಿಡಿದವನು ನೇರ ಕೆಳಗಿನ ಗುಂಡಿಗೆ. ಅದೂ ಹೋಗಲಿ, ಲಿಫ್ಟ್ ಮೇಲೆ ಹೋದರೆ ಹಿಂದುಗಡೆ ಅದರ ತೂಕದ ಕಬ್ಬಿಣ ಕೆಳಗೆ ಇಳಿಯಬೇಕು. ಇಡೀ ಸಿನಿಮಾ ಹುಡುಕಿದೆ, ತೂಕವೇ ಇಲ್ಲ. ಪಕ್ಕದವನಿಗೆ ಇದನ್ನು ವಿವರಿಸಲು ಹೋದರೆ "ಸುಮ್ನೆ ಕೂತ್ಕೊಳ್ರೀ" ಅಂದ. ಆದರೆ ಕೊನೆಯಲ್ಲಿ ಹೀರೋನ ನಾಯಿ ಸಾಯುವಾಗ ಅತ್ತುಬಿಟ್ಟೆ. ಒಟ್ಟಿನಲ್ಲಿ ಚೆನ್ನಾಗಿದೆ.

ಜೊತೆಗೊಂದು ಪೇಪರ್ ತುಂಡು ಇಟ್ಟಿದ್ದೇನೆ, ನೋಡು. ಕಳೆದ ವಾರ ಇದೇ ಥಿಯೇಟರಿನ ಲಿಫ್ಟಿನಲ್ಲಿ ಏಳು ಜನ ಸಿಕ್ಕಿಕೊಂಡಿದ್ದರು. ಇಪ್ಪತ್ತು ನಿಮಿಷದಲ್ಲಿ ಇಳಿಸಿದೆ. ಪೇಪರಿನವನು ನನ್ನ ಹೆಸರು, ಹುಟ್ಟೂರು, ಪ್ರತಿ ಶನಿವಾರ ಇಲ್ಲೇ ಮ್ಯಾಟಿನಿ ನೋಡುತ್ತೇನೆ ಎನ್ನುವುದನ್ನೂ ಬಿಡದೆ ಬರೆದಿದ್ದಾನೆ. ಫೋಟೋದಲ್ಲಿ ಬಾಯಿ ತೆರೆದುಕೊಂಡಿದ್ದೇನೆ. ನನ್ನವಳು ಅದನ್ನು ಕಪಾಟಿನ ಬಾಗಿಲಿಗೆ ಅಂಟಿಸಿದ್ದಾಳೆ.

ನಿನ್ನ ಮೊಳೆ


ಮಾರ್ಚ್ 16, 1993

ಮೊಳೆ,

ಪೇಪರ್ ತುಂಡು ತಲುಪಿತು. ಅಂಗಡಿಯ ಹಿಂದಿನ ನಮ್ಮ ಹೊಲಿಗೆ ಕೋಣೆಯಲ್ಲಿ ಎಲ್ಲರಿಗೂ ತೋರಿಸಿದೆ. ಗುಂಡಿ ಹಚ್ಚುವವಳು "ನಿಮ್ ತಮ್ಮ ಒಳ್ಳೆ ಧೈರ್ಯವಂತ ಕಣಕ್ಕ" ಅಂದಳು. ಆರು ವರ್ಷದವನಿದ್ದಾಗ ಹಲ್ಲಿಗೆ ಹೆದರಿ ಮಂಚದ ಮೇಲೆ ನಿಂತಿದ್ದವನು ಅಂತ ನಾನು ಹೇಳಲಿಲ್ಲ, ನಿನ್ನ ಮಾನ ಉಳಿಸಿದ್ದೇನೆ.

ಆದರೆ ಹುಟ್ಟೂರು ಯಾಕೆ ಹೇಳಿದೆ? ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಕೂತಿರುತ್ತೇನೆ ಅಂತ ಊರಿಗೆಲ್ಲ ಡಂಗುರ ಹೊಡೆಸುವುದು ಜಾಣರ ಲಕ್ಷಣವಲ್ಲ. ಗಿರಾಕಿ ಸೊಂಟದ ಅಳತೆ ಹೇಳಿದರೆ ಎರಡು ಇಂಚು ಸೇರಿಸಿಯೇ ಕತ್ತರಿ ಹಿಡಿಯುವವಳು ನಾನು. ನೀನು ಕೇಳಿದವರಿಗೆಲ್ಲ ನಿಜ ಹೇಳುತ್ತೀಯ.

ಸಿನಿಮಾ ಸುದ್ದಿ ಬರೆಯುತ್ತಿರು. ಮೂರು ಗಂಟೆ ಕತ್ತಲಲ್ಲಿ ಕೂರಲು ನನ್ನ ಬೆನ್ನು ಒಪ್ಪುವುದಿಲ್ಲ, ನೀನು ಬರೆದದ್ದೇ ನನಗೆ ಸಿನಿಮಾ. ಆದರೆ ನಿನಗೆ ಯಾವ ಸಿನಿಮಾ ತಾನೇ "ಒಟ್ಟಿನಲ್ಲಿ ಚೆನ್ನಾಗಿಲ್ಲ"? ಹನ್ನೆರಡು ವರ್ಷದ ಪತ್ರಗಳಲ್ಲಿ ಒಂದನ್ನೂ ನಾನು ಕಂಡಿಲ್ಲ.

ಅಕ್ಕ


ಏಪ್ರಿಲ್ 4, 1993

ಅಕ್ಕಾ,

ತಗೋ, ಚೆನ್ನಾಗಿಲ್ಲದ ಸಿನಿಮಾ.

ತಾಯಿ, ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ನಿಶ್ಚಯವಾದ ಗಂಡು ಚಿಕ್ಕವಳನ್ನು ಇಷ್ಟಪಡುತ್ತಾನೆ. ದೊಡ್ಡವಳು ಕಿಟಕಿಯ ಬಳಿ ನಿಂತು ಆರು ನಿಮಿಷ ಮಾತಾಡುತ್ತಾಳೆ. ಜನ ಮೂಗು ಒರೆಸಿಕೊಂಡರು. ನಾನು ಅಳಲಿಲ್ಲ. ಯಾಕೆ ಹೇಳು? ಮಾತಾಡುವವರ ಮುಖ ನೋಡಿದರೆ ಏನೂ ತಿಳಿಯುವುದಿಲ್ಲ, ಅವರಿಗೆ ಕಲಿಸಿಕೊಟ್ಟಿರುತ್ತಾರೆ. ಕೇಳಿಸಿಕೊಳ್ಳುವವರ ಮುಖ ನೋಡಬೇಕು. ಇಲ್ಲಿ ಕೇಳಿಸಿಕೊಳ್ಳುತ್ತಿದ್ದ ತಂಗಿ ತನ್ನ ಸರದಿ ಯಾವಾಗ ಬರುತ್ತದೋ ಅಂತ ಕಾಯುತ್ತಿದ್ದಳು, ಅಷ್ಟೆ. ತಾಯಿಯ ಪಾತ್ರದವಳು ಮಾತ್ರ ಹಿಂದೆ ಬಾಗಿಲ ಹತ್ತಿರ ನಿಂತು ನಿಜವಾಗಿ ಕೇಳುತ್ತಿದ್ದಳು. ಅವಳಿಗೆ ಇಡೀ ಸಿನಿಮಾದಲ್ಲಿ ನಾಲ್ಕೇ ಮಾತು.

ಹೇಗಿದೆ ನನ್ನ ವಿಮರ್ಶೆ? ಇನ್ನು ಮೇಲೆ ನಾನೂ ಕನ್ನಡಕ ಹಾಕಿಕೊಂಡು ಗಡ್ಡ ಬಿಡಬಹುದು.

ಮೊಳೆ


ಏಪ್ರಿಲ್ 13, 1993

ಮೊಳೆ,

ನಿನ್ನ ಪತ್ರವನ್ನು ಮೂರು ಸಲ ಓದಿದೆ.

ನಾನು ಹೊಲಿದ ಅಂಗಿಗೆ ಬೇರೆಯವರು ಗುಂಡಿ ಹಚ್ಚಿದರೆ ಬಾಗಿಲಿನಿಂದಲೇ ನನಗೆ ಗೊತ್ತಾಗುತ್ತದೆ. "ಕೇಳಿಸಿಕೊಳ್ಳುವವರ ಮುಖ ನೋಡಬೇಕು" ಅನ್ನುವುದು ನಿನ್ನ ಮಾತಲ್ಲ. ನಾಯಿ ಸತ್ತರೆ ಅಳುವವನು ನೀನು. ಬಾಗಿಲ ಬಳಿ ನಿಂತ ತಾಯಿ ನಿನ್ನ ಕಣ್ಣಿಗೆ ಈ ಜನ್ಮದಲ್ಲಿ ಬೀಳುವವಳಲ್ಲ.

ಯಾರು ಹೇಳಿಕೊಟ್ಟರು? ಯಾರ ಜೊತೆ ಹೋಗಿದ್ದೆ? ನಿನ್ನ ಹೆಂಡತಿಗೆ ಸಿನಿಮಾದಲ್ಲಿ ನಿದ್ದೆ ಬರುತ್ತದೆ, ಅವಳ ಹೆಸರು ಹೇಳಬೇಡ.

ಅಕ್ಕ


ಏಪ್ರಿಲ್ 25, 1993

ಅಕ್ಕಾ,

ಒಳ್ಳೆ ಪೊಲೀಸ್ ಅಕ್ಕ ಸಿಕ್ಕಿದ್ದಾಳೆ ನನಗೆ. ನಾನು ಒಬ್ಬನೇ ಹೋಗುವುದು, ಹಿಂದಿನ ಸಾಲಿನ ನಡುವಿನ ಸೀಟು, ಬೇಕಾದರೆ ಗೇಟಿನವನನ್ನು ಕೇಳು. ಮನುಷ್ಯನಿಗೆ ಮೂವತ್ತಾರು ವರ್ಷಕ್ಕಾದರೂ ಸ್ವಂತ ಬುದ್ಧಿ ಬರಬಾರದೇ? ನೀನು ಬರೆದದ್ದನ್ನು ನನ್ನವಳೂ ಓದಿದಳು. "ಯಾರ್ರೀ ಅದು ಜೊತೆಗೆ ಬರೋರು" ಅಂತ ಎರಡು ದಿನ ಗಂಟುಮುಖ ಹಾಕಿಕೊಂಡಿದ್ದಳು. ಪುಣ್ಯ ಕಟ್ಟಿಕೊಂಡೆ ನೀನು.

ನಿನ್ನೆಯದು ದೆವ್ವದ ಸಿನಿಮಾ. ಹಾಸ್ಟೆಲ್ಲಿನ ನೀರಿನ ಟ್ಯಾಂಕಿನಲ್ಲಿ ದೆವ್ವ ಇರುತ್ತದೆ. ಪೋಸ್ಟರಿನಲ್ಲಿ ಬರೆದಷ್ಟು ಹೆದರಿಕೆ ಇಲ್ಲ. ಸಿನಿಮಾ ಹೇಗಿದೆ ಅಂತ ತಿಳಿಯಲು ಪರದೆ ನೋಡಬೇಕಾಗಿಲ್ಲ ಅಕ್ಕ, ಕೆಮ್ಮು ಎಣಿಸಿದರೆ ಸಾಕು. ಜನರ ಮನಸ್ಸು ಸಿನಿಮಾದಲ್ಲಿದ್ದರೆ ಗಂಟಲು ತೆಪ್ಪಗಿರುತ್ತದೆ, ಬೇಜಾರಾದ ಕೂಡಲೇ ಕೆಮ್ಮು. ಇಂಟರ್ವಲ್ಲಿನ ತನಕ ಇಪ್ಪತ್ಮೂರು, ಆಮೇಲೆ ನಲವತ್ತು ದಾಟಿತು. ದೆವ್ವ ಟ್ಯಾಂಕಿನಿಂದ ಮೇಲೆದ್ದಾಗಲೇ ಒಂಬತ್ತು ಜನ ಕೆಮ್ಮಿದರು. ಅಲ್ಲಿಗೆ ಆ ದೆವ್ವ ಮುಗಿದ ಹಾಗೆ.

ಮೊಳೆ


ಮೇ 1, 1993

ಮೊಳೆ,

ಸುಳ್ಳು ಸಾಕು. ನಿನ್ನ ಪಕ್ಕದಲ್ಲಿ ಯಾರೋ ಕೂರುತ್ತಾರೆ. ಗಂಡಸು. ವಯಸ್ಸಾದವರು. ಕೆಳಗಿನ ಪ್ರಶ್ನೆಗಳಿಗೆ ತಮಾಷೆ ಇಲ್ಲದೆ ಉತ್ತರ ಬರೆ.

ಯಾವತ್ತಿನಿಂದ ಬರುತ್ತಿದ್ದಾರೆ? ಪೇಪರಿನಲ್ಲಿ ನಿನ್ನ ಫೋಟೋ ಬಂದ ಮೇಲೆ ತಾನೇ? ಆ ಸೀಟು ಸಿನಿಮಾ ಬಿಡುವ ಆಪರೇಟರ್ ಕೋಣೆಯ ಕಿಂಡಿಯ ಕೆಳಗಿದೆಯಾ? ಅವರ ಬಲಗೈ ಮಣಿಕಟ್ಟಿನ ಒಳಬದಿಯಲ್ಲಿ ಸುಟ್ಟ ಕಲೆ ಇದೆಯಾ? ನಿನ್ನ ಮನೆಯ ವಿಳಾಸ ಕೇಳಿದರಾ? ಏನು ಬೇಕಂತೆ ಅವರಿಗೆ?

ಅಂಗಡಿಯ ಫೋನಿಗೆ ಮಾಡಬೇಡ. ಕೌಂಟರಿನ ಬಳಿ ಹತ್ತು ಕಿವಿಗಳಿರುತ್ತವೆ. ಬರೆ.

ಅಕ್ಕ


ಮೇ 9, 1993

ಅಕ್ಕಾ,

ನಿನ್ನ ಪತ್ರ ತಲುಪಿತು. ಸರಿ, ಒಪ್ಪಿಕೊಂಡೆ. ಒಬ್ಬರು ಕೂರುತ್ತಾರೆ. ಅವರ ಮಾತನ್ನು ನನ್ನದು ಅಂತ ನಿನಗೆ ಬರೆದೆ. ಒಂದು ಸಲವಾದರೂ ನೀನು ನನ್ನನ್ನು ಮೆಚ್ಚಲಿ ಅನ್ನುವ ಆಸೆ, ಇನ್ನೇನು. ಕಳ್ಳತನ ಅಂದರೆ ಅಷ್ಟೇ.

ಮಾರ್ಚ್ ಮೂರನೇ ಶನಿವಾರದಿಂದ ಬರುತ್ತಿದ್ದಾರೆ. ಈ ಸೆಕೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿರುತ್ತಾರೆ, ಅದಕ್ಕೆ ನಾನು ಅವರನ್ನು ಮಫ್ಲರ್ ಅನ್ನುತ್ತೇನೆ. ಎಪ್ಪತ್ತರ ಆಸುಪಾಸು. ತೆಳ್ಳಗೆ, ಇಸ್ತ್ರಿ ಮಾಡಿದ ಅಂಗಿ. ಹೌದು, ಕಿಂಡಿಯ ಕೆಳಗಿನ ಸೀಟೇ ಬೇಕು ಅನ್ನುತ್ತಾರೆ. ವಿಳಾಸ ಕೇಳಿಲ್ಲ, ಏನನ್ನೂ ಕೇಳಿಲ್ಲ. ಇಂಟರ್ವಲ್ಲಿನಲ್ಲಿ ನಾನು ಚಹಾ ಕೊಡಿಸಿದರೆ ಮುಂದಿನ ವಾರ ಅವರು ಕೊಡಿಸುತ್ತಾರೆ. ಒಮ್ಮೆ ಮಾತ್ರ "ಅಕ್ಕ ಇದ್ದಾರಾ ನಿಮಗೆ?" ಅಂದರು. ಇದ್ದಾಳೆ, ನನ್ನನ್ನು ಸಾಕಿದವಳೇ ಅವಳು ಅಂದೆ. ತಲೆ ಅಲ್ಲಾಡಿಸಿ ಲೋಟ ಖಾಲಿ ಮಾಡಿದರು.

ನಿನ್ನೆ ಚಹಾದ ಲೋಟ ಕೊಡುವಾಗ ಮಣಿಕಟ್ಟು ನೋಡಿದೆ. ಕಲೆ ಇದೆ, ಹುಣಸೆ ಬೀಜದಷ್ಟು. ಏನು ಯಜಮಾನ್ರೇ ಇದು ಅಂದೆ. "ಪ್ರೊಜೆಕ್ಟರ್ ಆಪರೇಟರ್ ಆಗಿದ್ದೆ. ದೀಪ ಮುಟ್ಟಿದ್ದಕ್ಕೆ ದೀಪ ಕೊಟ್ಟ ರಶೀದಿ" ಅಂದರು.

ಈಗ ನನ್ನದೊಂದೇ ಪ್ರಶ್ನೆ. ನೀನು ಅವರನ್ನು ಕಂಡಿಲ್ಲ. ಕಲೆ ಇರುವುದು ನಿನಗೆ ಹೇಗೆ ಗೊತ್ತಾಯಿತು?

ಮೊಳೆ


ಮೇ 13, 1993

ಆ ಥಿಯೇಟರಿಗೆ ಹೋಗುವುದನ್ನು ನಿಲ್ಲಿಸು. ಅವರು ಏನು ಹೇಳಿದರೂ ನಂಬಬೇಡ. ಮನೆಗೆ ಕರೆಯಬೇಡ. ಕಾರಣ ಕೇಳಬೇಡ. ಇಷ್ಟು ವರ್ಷ ನಾನು ನಿನಗೆ ಕೆಟ್ಟದ್ದು ಬಯಸಿದ್ದೇನಾ?

ಅಕ್ಕ


ಮೇ 23, 1993

ಅಕ್ಕಾ,

ಕಾರಣ ಕೇಳಬೇಡ ಅಂದರೆ ಹೇಗೆ? ನನಗೆ ಈಗ ಆರು ವರ್ಷವಲ್ಲ.

ನಾನು ಹೋದೆ, ನಿನ್ನೆಯೂ ಹೋದೆ. ಪಕ್ಕದಲ್ಲಿ ಕೂತು ಸಿನಿಮಾ ಬಿಟ್ಟು ನಿನ್ನ ಬಗ್ಗೆಯೇ ಯೋಚಿಸುತ್ತಿದ್ದೆ. ಕೋರ್ಟಿನ ಕಥೆ, ತಲೆಬುಡ ನೆನಪಿಲ್ಲ. ಅಪ್ಪ ಆಪರೇಟರ್ ಆಗಿದ್ದರು ಅನ್ನುವುದು ನನಗೆ ಗೊತ್ತು. ಇವರೂ ಆಪರೇಟರ್. ಇಬ್ಬರೂ ಜೊತೆಯಲ್ಲಿ ಕೆಲಸ ಮಾಡಿದವರಾ? ನಿನಗೆ ಇವರು ಏನಾದರೂ ತೊಂದರೆ ಕೊಟ್ಟಿದ್ದರಾ? ಹಾಗಿದ್ದರೆ ಒಂದು ಮಾತು ಹೇಳು, ನಾನು ನೋಡಿಕೊಳ್ಳುತ್ತೇನೆ.

ಇನ್ನೂ ಒಂದಿದೆ, ಹೇಳಿಯೇ ಬಿಡುತ್ತೇನೆ. ನಮ್ಮ ಮನೆಯಲ್ಲಿ ಅಪ್ಪನ ಒಂದು ಫೋಟೋ ಇಲ್ಲ. ಯಾವ ಕಾಯಿಲೆ, ಯಾವ ಆಸ್ಪತ್ರೆ ಅಂತ ಕೇಳಿದರೆ ನೀನು ಪ್ರತಿ ಸಲ ಬೇರೆ ಬೇರೆ ಹೇಳಿದ್ದೀಯ. ಒಮ್ಮೆ ಜ್ವರ, ಒಮ್ಮೆ ಹೃದಯ. ಅಮ್ಮ ಸಾಯುವ ತನಕ ಆ ಮಾತು ಬಂದರೆ ಎದ್ದು ಹೋಗುತ್ತಿದ್ದಳು. ದುಃಖ ಅಂದುಕೊಂಡಿದ್ದೆ. ಈಗ ಯಾವುದನ್ನೂ ಹಾಗೆ ಅಂದುಕೊಳ್ಳಲು ಆಗುತ್ತಿಲ್ಲ. ನಿನ್ನ ಅನುಮಾನದ ರೋಗ ನನಗೂ ಅಂಟಿದೆ, ಮತ್ತು ಅದು ನಿನ್ನ ಮೇಲೆಯೇ ತಿರುಗಿದೆ.

ಹೇಳು.

ಮೊಳೆ


ಜೂನ್ 20, 1993

ಮೊಳೆ,

ನಾಲ್ಕು ವಾರ ತೆಗೆದುಕೊಂಡೆ. ಎಷ್ಟೋ ಕಾಗದ ಹರಿದೆ. ಅಳತೆ ತಪ್ಪಿದ ಬಟ್ಟೆಯನ್ನು ಬಿಚ್ಚಿ ಹೊಲಿಯಬಹುದು, ಇದನ್ನು ಹೇಗೆ ಬಿಚ್ಚಬೇಕೋ ತಿಳಿಯಲಿಲ್ಲ.

ಅಪ್ಪ ಸಾಯಲಿಲ್ಲ. ನಾನು ಹಾಗೆ ಹೇಳಿದೆ.

ಸ್ಕೂಲು ಬಿಟ್ಟ ಮೇಲೆ ನಾನು ಆಪರೇಟರ್ ಕೋಣೆಗೆ ಹೋಗಿ ರೀಲಿನ ಡಬ್ಬದ ಮೇಲೆ ಕೂರುತ್ತಿದ್ದೆ. ಮಷಿನ್ನಿನ ಸದ್ದಿನಲ್ಲಿ ಸಿನಿಮಾದ ಒಂದು ಮಾತೂ ಕೇಳುತ್ತಿರಲಿಲ್ಲ. ಅದಕ್ಕೇ ಅಪ್ಪ "ಮಾತಾಡೋರನ್ನ ನೋಡಬೇಡ ಮಗಳೇ, ಕೇಳೋರ ಮುಖ ನೋಡು, ಕಥೆ ಅಲ್ಲಿರುತ್ತೆ" ಅನ್ನುತ್ತಿದ್ದರು. ಶಿಫ್ಟ್ ಮುಗಿದ ಮೇಲೆ ನಾವಿಬ್ಬರೂ ಹಿಂದಿನ ಬಾಗಿಲಲ್ಲಿ ನಿಂತು ಕೆಮ್ಮು ಎಣಿಸುತ್ತಿದ್ದೆವು. ಎಡಗಡೆಯ ಕೆಮ್ಮು ನನ್ನದು, ಬಲಗಡೆಯದು ಅವರದು. ಆ ಕಲೆಗೆ ಬೆಣ್ಣೆ ಹಚ್ಚಿದವಳು ನಾನು. ಹಾಗೆ ಸಿನಿಮಾ ನೋಡುವವರು ಈ ಭೂಮಿಯ ಮೇಲೆ ಇಬ್ಬರೇ, ಒಬ್ಬಳು ನಾನು.

ದೂರದ ಊರಿನಲ್ಲಿ ಹೊಸ ಥಿಯೇಟರ್ ಶುರುವಾಗುತ್ತದೆ, ಎರಡು ತಿಂಗಳ ಕೆಲಸ ಅಂತ ಹೋದರು. ನಾಲ್ಕನೇ ತಿಂಗಳು ಅಮ್ಮನಿಗೆ ಅರ್ಧ ಪುಟದ ಪತ್ರ ಬಂತು. ಅಲ್ಲಿ ಬೇರೆ ಮನೆ ಮಾಡಿದ್ದೇನೆ, ಕಾಯಬೇಡಿ ಅಂತ. ಅಮ್ಮ ಅದನ್ನು ಮಡಿಸಿ ದಿಂಬಿನ ಚೀಲದೊಳಗೆ ಇಟ್ಟಳು. ಮಾರನೆಯ ದಿನದಿಂದ ನಾನು ಹೊಲಿಗೆ ಅಂಗಡಿಗೆ ಹೋದೆ. ಹದಿನಾರು ವರ್ಷ ನನಗೆ.

ನಿನ್ನದೇ ಕಷ್ಟ. ಹೋಗುವಾಗ ಅವರು ನಿನಗೆ "ಮೊಳೆ ಕೂಡಿಸಿಡು, ಬಂದ್ಮೇಲೆ ಒಂದು ಪೆಟ್ಟಿಗೆ ಮಾಡ್ಕೊಡ್ತೀನಿ" ಅಂದಿದ್ದರು. ನೀನು ರಸ್ತೆಯಲ್ಲಿ ಬಿದ್ದ ಮೊಳೆಗಳನ್ನೆಲ್ಲ ಆರಿಸಿಕೊಂಡು ಪ್ರತಿ ಸಂಜೆ ಬಾಗಿಲಲ್ಲಿ ಕೂರುತ್ತಿದ್ದೆ. ಊಟಕ್ಕೆ ಬಾ ಅಂದರೆ "ಅಪ್ಪ ಬಂದ್ಮೇಲೆ" ಅನ್ನುತ್ತಿದ್ದೆ. ಕೈಯೆಲ್ಲ ತುಕ್ಕಿನ ವಾಸನೆ. ಒಂದು ಸಂಜೆ ತಡೆಯಲಾರದೆ ಅಪ್ಪ ಸತ್ತುಹೋದರು, ಇನ್ನು ಬರುವುದಿಲ್ಲ ಅಂದುಬಿಟ್ಟೆ. ನೀನು ಅತ್ತೆ. ಆಮೇಲೆ ಒಳಗೆ ಬಂದು ಹೊಟ್ಟೆ ತುಂಬ ಊಟ ಮಾಡಿದೆ. ತಿಂಗಳುಗಳ ನಂತರ ಹಾಗೆ ಉಂಡಿದ್ದೆ. ಅಮ್ಮ ನನ್ನ ಮುಖ ನೋಡಿದಳು, ನಿನ್ನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಹಿಂದೆ "ದಿವಂಗತ" ಅಂತ ಬರೆದದ್ದು ನನ್ನ ಕೈ.

ಒಂದು ದಿನ ನಿಜ ಹೇಳುತ್ತೇನೆ ಅಂದುಕೊಂಡೇ ಮೂವತ್ತು ವರ್ಷವಾಯಿತು. ಈಗ ಅವರು ನಿನ್ನ ಪಕ್ಕ ಬಂದು ಕೂತಿದ್ದಾರೆ. ವಯಸ್ಸಾಯಿತು, ನೋಡಿಕೊಳ್ಳುವವರಿಲ್ಲ, ಮಗನ ಸುದ್ದಿ ಪೇಪರಿನಲ್ಲಿ ಬಂತು, ಬಂದರು. ನನಗೆ ಅವರ ಮೇಲೆ ಸಿಟ್ಟಿದೆ, ಅದು ಸತ್ಯ. ಅದಕ್ಕಿಂತ ಹೆಚ್ಚು ಹೆದರಿಕೆ ಇತ್ತು. ಅವರು ಬಾಯಿಬಿಟ್ಟರೆ ಸುಳ್ಳುಗಾತಿ ನಾನಾಗುತ್ತೇನೆ, ನೀನು ನನ್ನ ಕೈ ತಪ್ಪುತ್ತೀಯ ಅಂತ.

ಇನ್ನು ನಿನಗೆ ಬಿಟ್ಟದ್ದು. ಅವರನ್ನು ಮನೆಗೆ ಕರೆದುಕೊಂಡು ಹೋದರೂ ನಾನು ಬೇಡ ಅನ್ನುವುದಿಲ್ಲ. ನನಗೆ ಮಾತ್ರ ಎದುರು ನಿಲ್ಲಲು ಹೇಳಬೇಡ. ಕೇಳಬೇಕಾದ ಪ್ರಶ್ನೆಗಳನ್ನು ಮೂವತ್ತು ವರ್ಷದಿಂದ ಜೋಡಿಸಿಟ್ಟಿದ್ದೇನೆ, ಒಂದನ್ನೂ ಕೇಳಲು ಆಗುವುದಿಲ್ಲ ಅಂತ ನನಗೆ ಗೊತ್ತು.

ಅಕ್ಕ


ಜುಲೈ 11, 1993

ಅಕ್ಕಾ,

ನಿನ್ನೆ ಸಿನಿಮಾ ಶುರುವಾಗುವ ಮೊದಲೇ ಮಫ್ಲರ್ ಅವರನ್ನು ಹೊರಗೆ ಕರೆದು ಬೆಂಚಿನ ಮೇಲೆ ಕೂರಿಸಿದೆ. ನಿನ್ನ ಪತ್ರ ಜೇಬಿನಲ್ಲಿತ್ತು. "ನೀವು ನಮ್ಮಪ್ಪನಾ?" ಅಂತ ಕೇಳಿದೆ. ಬೇರೆ ಹೇಗೆ ಕೇಳುವುದು.

ಅವರು ಮಫ್ಲರ್ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡರು. "ನಾನಲ್ಲಪ್ಪ" ಅಂದರು.

ಕಲೆ ತೋರಿಸಿದೆ. "ಇದು ನಮ್ಮಲ್ಲಿ ಯಾರಿಗಿಲ್ಲ ಹೇಳಿ? ದೀಪದ ಪೆಟ್ಟಿಗೆ ಬಾಗಿಲು ತೆಗೆಯೋವಾಗ ಎಲ್ಲರಿಗೂ ಅಲ್ಲೇ ತಾಗೋದು. ನಿಮ್ಮಪ್ಪಂಗೂ ಇತ್ತು, ನನಗೂ ಇದೆ" ಅಂದರು. ಇಬ್ಬರೂ ಆ ದೂರದ ಊರಿನಲ್ಲಿ ಒಂದೇ ಕೋಣೆಯಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದವರು. ಕೇಳುವವರ ಮುಖ, ಕೆಮ್ಮಿನ ಎಣಿಕೆ, ಎಲ್ಲ ಅಪ್ಪನಿಂದ ಕಲಿತದ್ದಂತೆ. "ನಂದು ಅಂತ ಒಂದು ಅಭಿಪ್ರಾಯಾನೂ ಇಲ್ಲ ನನ್ನತ್ರ. ಎಲ್ಲಾ ಅವನದೇ ಹೇಳ್ಕೊಂಡು ಓಡಾಡ್ತೀನಿ." ನಾನು ಅವರದನ್ನು ಕದ್ದಿದ್ದೆ, ಅವರು ಅಪ್ಪನದನ್ನು.

ಅಪ್ಪ ಹತ್ತು ವರ್ಷದ ಹಿಂದೆ ತೀರಿಕೊಂಡರಂತೆ. ಎದೆಯ ಕಾಯಿಲೆ, ಆಸ್ಪತ್ರೆಯಲ್ಲಿ ಮೂರು ವಾರ. ಆ ಇನ್ನೊಂದು ಮನೆ ಬಹಳ ಹಿಂದೆಯೇ ಒಡೆದುಹೋಗಿತ್ತಂತೆ.

ಮತ್ತೆ ನನ್ನ ಹೆಸರು ನಿಮಗೆ ಹೇಗೆ ಗೊತ್ತು, ಪೇಪರ್ ನೋಡಿ ಹೇಗೆ ಗುರುತು ಹಿಡಿದಿರಿ ಅಂದೆ. ಅವರು ಹೇಳಲು ಒಪ್ಪಲಿಲ್ಲ. ನಾನು ಬಿಡಲಿಲ್ಲ. ನನ್ನ ಮದುವೆಯ ಕಾಗದದಿಂದ ಅಕ್ಕ. ನಮ್ಮೂರಿನ ಪೋಸ್ಟರ್ ಅಂಟಿಸುವವನೊಬ್ಬ ಅವರ ಥಿಯೇಟರಿಗೆ ಕೆಲಸಕ್ಕೆ ಸೇರಿದ್ದ. ಮದುವೆಗೆ ಇನ್ನೂ ವಾರವಿರುವಾಗ ಅವನು ಅಪ್ಪನಿಗೆ ವಿಷಯ ತಿಳಿಸಿದ್ದ. ಅಪ್ಪ ಒಂದು ಅಂಗಿ ಇಸ್ತ್ರಿ ಮಾಡಿಸಿಟ್ಟರು. ರಜೆ ಬರೆದುಕೊಟ್ಟರು. ಹೊರಡುವ ಹಿಂದಿನ ದಿನ ಅವನು ಊರಿನಿಂದ ತರಿಸಿದ ಕಾಗದ ಕೈಗೆ ಕೊಟ್ಟ. ಅದರಲ್ಲಿ ಅಪ್ಪನ ಹೆಸರಿನ ಹಿಂದೆ ದಿವಂಗತ ಅಂತ ಅಚ್ಚಾಗಿತ್ತು. ಎರಡು ಸಲ ಓದಿ, "ಸರಿಯಾಗೇ ಹಾಕಿದಾರೆ" ಅಂದರಂತೆ. ರಜೆ ಚೀಟಿ ವಾಪಸ್ ತೆಗೆದುಕೊಂಡು ಮ್ಯಾಟಿನಿಗೆ ರೀಲು ಹಾಕಿದರಂತೆ. ಮಾರನೆಯ ವರ್ಷ ತೀರಿಕೊಂಡರು.

ಅಕ್ಕಾ, ಪರೀಕ್ಷೆಯ ಅರ್ಜಿಯಲ್ಲಿ, ಕೆಲಸದ ಅರ್ಜಿಯಲ್ಲಿ, ಬ್ಯಾಂಕಿನಲ್ಲಿ, ಮದುವೆಯ ಕಾಗದದಲ್ಲಿ, ಎಲ್ಲ ಕಡೆ ಆ ಪದ ನಾನೇ ಬರೆದೆ, ಬರೆಸಿದೆ. ಒಬ್ಬ ಮನುಷ್ಯ ರೀಲು ಹಾಕಿಕೊಂಡು ಓಡಾಡುತ್ತಿರುವಾಗ ಅವನನ್ನು ಇಪ್ಪತ್ತು ವರ್ಷ ಸಾಯಿಸುತ್ತಾ ಬಂದೆ. ನೀನು ಒಂದು ಸಲ ಹೇಳಿದ್ದಿದ್ದರೆ. ಒಂದೇ ಒಂದು ಸಲ.

ಇಲ್ಲಿಯ ತನಕ ಬರೆದ ಮೇಲೆ ಗೊತ್ತಾಯಿತು, ಇದನ್ನು ನಿನಗೆ ಕಳುಹಿಸಲಾರೆ. ಟೂಲ್ ಪೆಟ್ಟಿಗೆಯ ತಳದಲ್ಲಿ, ಸ್ಪಾನರುಗಳ ಕೆಳಗೆ ಇಡುತ್ತೇನೆ. ನಾಳೆ ಬೇರೆ ಬರೆಯುತ್ತೇನೆ.


ಜುಲೈ 12, 1993

ಅಕ್ಕಾ,

ಮಫ್ಲರ್ ಅವರನ್ನು ಕೇಳಿದೆ. ಅವರು ಅಪ್ಪನಲ್ಲ. ಅಪ್ಪನ ಜೊತೆ ಒಂದೇ ಕೋಣೆಯಲ್ಲಿ ಹದಿನೆಂಟು ವರ್ಷ ಇದ್ದ ಆಪರೇಟರ್. ಸಿನಿಮಾ ನೋಡುವ ರೀತಿ ಅಪ್ಪನಿಂದ ಬಂದದ್ದು, ಕಲೆ ಆ ಕೆಲಸದಿಂದ ಬಂದದ್ದು. ನಿನ್ನ ಲೆಕ್ಕ ಅರ್ಧ ಸರಿ ಇತ್ತು.

ಅಪ್ಪ ಹತ್ತು ವರ್ಷದ ಹಿಂದೆ ತೀರಿಕೊಂಡರು. ಎದೆಯ ಕಾಯಿಲೆ. ಆಸ್ಪತ್ರೆಯಲ್ಲಿ ಮೂರು ವಾರವೂ ಇವರು ಪಕ್ಕದಲ್ಲಿದ್ದರು, ಒಂಟಿಯಾಗಿ ಹೋಗಲಿಲ್ಲ. ಆ ಬೇರೆ ಮನೆ ಮೊದಲೇ ಮುರಿದಿತ್ತು. ರೀಲಿನ ಡಬ್ಬದ ಮೇಲೆ ಕೂತು ಕಾಲು ಆಡಿಸುತ್ತಿದ್ದ ಹುಡುಗಿಯ ಬಗ್ಗೆ ಬಹಳ ಹೇಳುತ್ತಿದ್ದರಂತೆ. ಎಡಗಡೆಯ ಕೆಮ್ಮು ಯಾವತ್ತೂ ತಪ್ಪದೆ ಎಣಿಸುತ್ತಿದ್ದಳು ಅಂತ.

ನನ್ನನ್ನು ಬರಿ ನೋಡಿಹೋಗೋಣ ಅಂತ ಬಂದವರು ಇವರು. ಬೇರೇನೂ ಬೇಕಿಲ್ಲ. ಹೇಳಬೇಕೋ ಬೇಡವೋ ತಿಳಿಯದೆ ಸಿನಿಮಾದ ಮಾತೇ ಆಡುತ್ತಾ ಕಾಲ ತಳ್ಳಿದರಂತೆ.

ನನಗೆ ಸಿಟ್ಟಿಲ್ಲ ಅಂದರೆ ನೀನು ನಂಬುವುದಿಲ್ಲ. ಇದೆ. ಆದರೆ ಆ ಸಂಜೆ ಹೊಟ್ಟೆ ತುಂಬ ಉಂಡವನು ನಾನೇ ತಾನೇ. ಸ್ವಲ್ಪ ದಿನ ಕೊಡು.

ಮೊಳೆ


ಸೆಪ್ಟೆಂಬರ್ 5, 1993

ಮೊಳೆ,

ಎರಡು ತಿಂಗಳು ನಿನ್ನ ಪತ್ರವಿಲ್ಲ, ನನ್ನದೂ ಇಲ್ಲ. ಸಿನಿಮಾ ವರದಿ ನಿಂತುಹೋದ ಮೇಲೆ ಭಾನುವಾರಗಳು ಉದ್ದವಾಗಿವೆ. ಹಾಗಾಗಿ ಈ ಸಲ ನಾನೇ ಬರೆಯುತ್ತಿದ್ದೇನೆ. ನಿನ್ನೆ ಮ್ಯಾಟಿನಿಗೆ ಹೋಗಿದ್ದೆ.

ಇಲ್ಲಿಯ ಥಿಯೇಟರಿನ ಟಿಕೆಟಿನವನಿಗೆ ಹಿಂದಿನ ಸಾಲು, ಕಿಂಡಿಯ ಕೆಳಗಿನ ಸೀಟು ಅಂದೆ. "ಅಲ್ಲಿ ಮಷಿನ್ ಸದ್ದು ಬರುತ್ತೆ ಮೇಡಂ" ಅಂದ. ಬರಲಿ ಅಂದೆ.

ತಮಾಷೆಯ ಕಥೆ. ಮೂವರು ಬಾಡಿಗೆದಾರರು ಮನೆ ಒಡತಿಗೆ ಏನೇನೋ ಸುಳ್ಳು ಹೇಳುತ್ತಾರೆ. ಹೀರೋ ಬಾಗಿಲಿನಿಂದ ಹೊರಟಾಗ ದುಂಡು ಕಾಲರ್, ಬೀದಿಗೆ ಬಂದಾಗ ಚೂಪು ಕಾಲರ್, ಯಾರೂ ನೋಡಿಕೊಂಡಿಲ್ಲ. ಆ ಕಾಲರ್ ಪಟ್ಟಿ ಹೊಲಿದವನ ಕೈ ಮುರಿಯಬೇಕು. ಹಾಡುಗಳು ಬೇಡವಾಗಿದ್ದವು. ಆದರೆ ಮನೆ ಒಡತಿಯಾಗಿ ಬರುವ ದಪ್ಪನೆಯ ಹೆಂಗಸು, ಅವಳ ಹೆಸರೂ ಗೊತ್ತಿಲ್ಲ, ಆ ಮೂವರು ಸುಳ್ಳು ಹೇಳುವಾಗ ಕೇಳಿಸಿಕೊಳ್ಳುತ್ತಾಳೆ ನೋಡು. ಸುಳ್ಳು ಅಂತ ಅವಳಿಗೆ ಮೊದಲಿನಿಂದಲೂ ಗೊತ್ತಿದೆ. ಬಾಡಿಗೆದಾರರು ಹೊರಟುಹೋದರೆ ಮನೆ ಖಾಲಿಯಾಗುತ್ತದೆ ಅಂತ ಸುಮ್ಮನೆ ನಂಬಿದ ಹಾಗೆ ತಲೆ ಆಡಿಸುತ್ತಾಳೆ. ಇದನ್ನು ಯಾರೂ ಗಮನಿಸಿರಲಿಕ್ಕಿಲ್ಲ. ಒಟ್ಟಿನಲ್ಲಿ ಚೆನ್ನಾಗಿದೆ.

ಇಂಟರ್ವಲ್ಲಿನಲ್ಲಿ ತಿರುಗಿ ಕಿಂಡಿ ನೋಡಿದೆ. ಯಾರೋ ಕನ್ನಡಕದ ಹುಡುಗಿ ಅಲ್ಲಿಂದ ಕೆಳಗೆ ಇಣುಕುತ್ತಿದ್ದಳು, ಈಗ ಹೆಂಗಸರೂ ಆ ಕೆಲಸ ಮಾಡುತ್ತಾರೆ ಅಂತ ಕಾಣುತ್ತದೆ. ನನ್ನನ್ನು ನೋಡಿ ನಕ್ಕಳು.

ಮುಂದಿನ ರೀಲನ್ನು ಮಷಿನ್ನಿಗೆ ಏರಿಸುವಾಗ ಆಪರೇಟರಿಗೆ ಪರದೆ ನೋಡಲು ಆಗುವುದಿಲ್ಲ ಮೊಳೆ. ಎಲ್ಲ ಸಿನಿಮಾದಲ್ಲೂ ಅಲ್ಲಲ್ಲಿ ಮೂರು ನಾಲ್ಕು ನಿಮಿಷ ಅಪ್ಪ ಕಂಡವರೇ ಅಲ್ಲ. ಅಲ್ಲೇನಾಯಿತು ಅಂತ ನಾನು ಹೇಳಲು ಹೋದರೆ "ಇರಲಿ ಬಿಡು" ಅನ್ನುತ್ತಿದ್ದರು.

ನಿನ್ನ ಜುಲೈ ಪತ್ರದಲ್ಲಿ ಅಂಥದ್ದೊಂದು ಜಾಗವಿದೆ. ಕಾಯಿಲೆ ಬರೆದೆ, ಆಸ್ಪತ್ರೆ ಬರೆದೆ, ನನ್ನ ಕಾಲು ಆಡಿಸುವುದನ್ನೂ ಬರೆದೆ. ಪೇಪರಿನಲ್ಲಿ ನಿನ್ನ ಹೆಸರು ನೋಡಿದ ಆ ಮನುಷ್ಯರಿಗೆ ಅದು ಯಾರ ಮಗನ ಹೆಸರು ಅಂತ ಹೇಗೆ ತಿಳಿಯಿತು ಎನ್ನುವುದನ್ನು ಮಾತ್ರ ಬರೆಯಲಿಲ್ಲ. ಅಪ್ಪ ಹೋಗುವಾಗ ನಿನ್ನನ್ನು ಕರೆಯುತ್ತಿದ್ದದ್ದು ಬೇರೆ ಹೆಸರಿನಿಂದ, ಶಾಲೆಗೆ ಸೇರಿಸುವಾಗ ಈ ಹೆಸರು ಇಟ್ಟವಳು ನಾನು. ಮೊದಲಾಗಿದ್ದರೆ ಮರುದಿನವೇ ನಾಲ್ಕು ಪ್ರಶ್ನೆ ಬರೆದು ಕಳುಹಿಸುತ್ತಿದ್ದೆ. ಕಾಗದವನ್ನೂ ತೆಗೆದುಕೊಂಡಿದ್ದೆ. ನನಗೆ ನೋವಾಗುತ್ತದೆ ಅಂತಲೇ ನೀನು ಬಿಟ್ಟಿರಬೇಕು. ನಾನೂ ಒಮ್ಮೆ ನಿನಗೆ ನೋವಾಗುತ್ತದೆ ಅಂತಲೇ ಬಿಟ್ಟಿದ್ದೆ. ಕೇಳುವುದಿಲ್ಲ.

ಮಫ್ಲರ್ ಅವರಿಗೆ ಒಂದು ತೆಳ್ಳನೆಯ ಅಂಗಿ ಹೊಲಿದಿದ್ದೇನೆ, ಅಂದಾಜಿನ ಅಳತೆ, ಬೇರೆ ಅಂಚೆಯಲ್ಲಿ ಬರುತ್ತದೆ. ಸರಿಹೋಗದಿದ್ದರೆ ಬರೆ.

ಕೊನೆಗೆ ಲೆಕ್ಕ ಒಪ್ಪಿಸಬೇಕಲ್ಲ. ಎಡಗಡೆ, ಬಲಗಡೆ ಎರಡೂ ನಾನೇ ಎಣಿಸಿದೆ. ಇಡೀ ಸಿನಿಮಾಕ್ಕೆ ಹನ್ನೊಂದು ಕೆಮ್ಮು. ಅದರಲ್ಲಿ ನಾಲ್ಕು ನನ್ನವು, ನಾಲ್ಕೂ ಕಿಂಡಿ ನೋಡಿದ ಮೇಲೆ. ನನಗೆ ಕೆಮ್ಮಿಲ್ಲ.

ಅಕ್ಕ